ಕಿಟಕಿಯಿಂದ ಬಂದ ಮಗು

ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಮೊಬೈಲಿನಲ್ಲಿ ಯುದ್ಧದ ಸುದ್ದಿ ಓದುತ್ತಿದ್ದೆ. ಮನುಷ್ಯರ ಮೇಲೆಯೇ ಬೇಸರ ಬಂದಿತ್ತು. ಅಷ್ಟರಲ್ಲಿ ಕಿಟಕಿಯಿಂದ ಒಂದು ಮಗು ನನ್ನ ಮಡಿಲಿಗಿಳಿಯಿತು!

"ಅಣ್ಣಾ, ಒಸಿ ಹಿಡ್ಕಳಿ, ಹತ್ಕಂಡು ಬತ್ತೀನಿ," ಎಂದ ತಾಯಿ ಬಾಗಿಲಿನ ನೂಕುನುಗ್ಗಲಿನಲ್ಲಿ ಮರೆಯಾದಳು. ನನ್ನ ಮುಖವನ್ನೂ ಆಕೆ ಸರಿಯಾಗಿ ನೋಡಿರಲಿಲ್ಲ. ಇಲ್ಲಿ ಸೀಟಿಗೆ ಟವೆಲ್ ಹಾಕುವಷ್ಟೇ ಸಲೀಸಾಗಿ ಮಗುವನ್ನೂ ಕೊಟ್ಟುಬಿಡುತ್ತಾರೆ. ಗಾಬರಿಯಲ್ಲಿ ಮೊಬೈಲನ್ನು ಜೇಬಿಗೆ ತುರುಕಿದೆ. ಮಗು ನನ್ನ ಕನ್ನಡಕ ಎಳೆದು ನಕ್ಕಿತು, ಆಮೇಲೆ ಎದೆಗೊರಗಿ ನಿದ್ದೆಹೋಯಿತು.

ಬಸ್ಸು ಹೊರಟ ಮೇಲೆ ಹಿಂದಿನಿಂದ ಆಕೆ ಕೂಗಿದಳು: "ಅಳ್ತಾ ಐತೇನಣ್ಣಾ?"

"ಇಲ್ಲಮ್ಮ, ಮಲಗಿದೆ."

"ಹಂಗಾರೆ ಇರ್ಲಿ ಬಿಡಿ, ತರೀಕೆರೆಲಿ ಇಸ್ಕತ್ತೀನಿ!"

ಹೊಸ ಸುದ್ದಿ ಬಂದು ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ನೋಡಲು ನನ್ನ ಕೈ ಖಾಲಿ ಇರಲಿಲ್ಲ.