ರೆಕ್ಕೆಯ ಹೊಲಿಗೆ ಹಾಕಿದ ಶೂ

ರಿಪೇರಿಗೆ ಬಂದ ಕ್ಯಾನ್ವಾಸ್ ಶೂವನ್ನು ಸುಬ್ರಹ್ಮಣ್ಯ ಅವರು ಮೊದಲು ಕೈಯಲ್ಲಿ ಹಿಂಡಿ ನೋಡುತ್ತಿದ್ದರು, ಆಮೇಲೆ ಮೂಸುತ್ತಿದ್ದರು. ಒಳಗಿನ ಅಟ್ಟೆ ಕೊಳೆತಿದ್ದರೆ ಅದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತದೆ ಎಂಬುದು ಅವರ ಅನುಭವ. ಹೆಂಡತಿ ಕಮಲಾಕ್ಷಿಗೆ ಇದೊಂದನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

"ಕಾಲೊನಿಯವರ ಕಾಲಿನ ವಾಸನೆಯೆಲ್ಲ ನಿಮಗೆ ಬಾಯಿಪಾಠ. ನನ್ನ ಸಾರಿಗೆ ಇಂಗು ಹಾಕಿದೀನೋ ಇಲ್ವೋ ಅಂತ ಕೇಳಿದ್ರೆ ಮಾತ್ರ ಮೂಗು ಕಟ್ಟಿಕೊಂಡಿರುತ್ತೆ."

ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಅವರದು ಎರಡು ಕೋಣೆಯ ಮನೆ, ಹಿಂದೆ ಒಂದು ಚಿಕ್ಕ ಬಾಲ್ಕನಿ. ಅಡುಗೆಮನೆಯ ಹೊಸಿಲು ದಾಟಿ ಶೂ ಒಳಗೆ ಬರಕೂಡದು, ಚರ್ಮದ್ದನ್ನು ಬಾಲ್ಕನಿಗೂ ತರಕೂಡದು ಎಂದು ಕಮಲಾಕ್ಷಿ ಕರಾರು ಹಾಕಿದ್ದರು. ಕ್ಯಾನ್ವಾಸ್ ಎಂದರೆ ಬಟ್ಟೆ, ರಬ್ಬರ್ ಎಂದರೆ ಮರದ ಹಾಲು ಎಂದು ಗಂಡ ವಾದಿಸಿದ್ದಕ್ಕೆ ಅಷ್ಟರಮಟ್ಟಿಗೆ ಒಪ್ಪಿದ್ದರು.

ನಂಜನಗೂಡಿನ ಕಡೆಯವರಾದ ಸುಬ್ರಹ್ಮಣ್ಯ ಅವರು ಹದಿನೈದು ವರ್ಷ ಬೆಂಗಳೂರಿನಲ್ಲಿ ವಿಮಾನದ ರೆಕ್ಕೆಗಳಿಗೆ ಬಟ್ಟೆ ಹೊಲಿದವರು. ಆಗಿನ ಸಣ್ಣ ವಿಮಾನಗಳಿಗೆ ಮರದ ಪಕ್ಕೆಲುಬಿನ ಮೇಲೆ ಬಟ್ಟೆ ಬಿಗಿದು ರೆಕ್ಕೆ ಮಾಡುತ್ತಿದ್ದರು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಓಝರ್‌ಗೆ ವರ್ಗವಾಗಿ ಬಂದಾಗ ಇಲ್ಲಿ ಇದ್ದದ್ದೆಲ್ಲ ಲೋಹದ ವಿಮಾನ. ಬಟ್ಟೆಯ ಕೆಲಸವೆಂದರೆ ನಿಂತ ವಿಮಾನಕ್ಕೆ ಹೊದಿಸುವ ಟಾರ್ಪಾಲಿನ್ ಗವಸು ಹೊಲಿಯುವುದು, ಅಷ್ಟೆ. ಕೈಗೆ ಕೆಲಸ ಸಾಲದೆ ಹೋಯಿತು. ಒಂದು ದಿನ ತಮ್ಮದೇ ಹರಿದ ಶೂಗೆ ತೇಪೆ ಹಾಕಿದರು. ಅದನ್ನು ನೋಡಿ ಪಕ್ಕದ ಮನೆಯ ಕೇಶವಮೂರ್ತಿ ತಮ್ಮದನ್ನು ತಂದರು. ಆಮೇಲೆ ನಿಲ್ಲಲಿಲ್ಲ.

ಸವೆದ ಅಟ್ಟೆಗೆ ಸೈಕಲ್ ಟೈರಿನ ತುಂಡು, ಹರಿದ ಮೂತಿಗೆ ಟ್ಯೂಬಿನ ತೇಪೆ, ಅಂಟಿಸಲು ಪಂಕ್ಚರ್ ಸಲ್ಯೂಷನ್, ಬಿಳುಪಿಗೆ ಪೇಂಟರ್‌ಗಳು ಬಳಸುವ ಸಫೇತಾ ಪುಡಿ. ಬ್ಯಾಡ್ಮಿಂಟನ್ ಆಡುವವರು ಪಕ್ಕಕ್ಕೆ ನೀಲಿ ಪಟ್ಟಿ ಬೇಕೆಂದರೆ ಎಳೆದುಕೊಡುತ್ತಿದ್ದರು. ಪಾದ ದಪ್ಪವಿದ್ದವರಿಗೆ ಪಕ್ಕ ಸೀಳಿ ಬಟ್ಟೆ ಕೂಡಿಸುತ್ತಿದ್ದರು.

ಹಾಗೆ ಕೂಡಿಸಿದ ಶೂಗಳಲ್ಲಿ ವಸಂತಿಯದೂ ಒಂದು ಜೊತೆ. ಕ್ರೇನ್ ನಡೆಸುವ ವಿಶ್ವನಾಥಪ್ಪನವರ ಮಗಳು ಅವಳು. ಅಪ್ಪ ಗದಗದವರು, ಮಗಳು ಬೆಳೆದದ್ದೆಲ್ಲ ನಾಸಿಕ್‌ನಲ್ಲಿ. ಚಿಕ್ಕಂದಿನಲ್ಲಿ ಬಲಗಾಲಿನ ಮೇಲೆ ರುಬ್ಬುಗುಂಡು ಬಿದ್ದು ಕಿರುಬೆರಳು ಹೊರಕ್ಕೆ ತಿರುಗಿ ಕೂತಿತ್ತು. ಹಾಗಾಗಿ ಬಲಪಾದ ಎಡಪಾದಕ್ಕಿಂತ ಒಂದು ಬೆರಳು ಅಗಲ. ಅಂಗಡಿಯ ಯಾವ ಶೂ ಹಾಕಿಕೊಂಡರೂ ಅರ್ಧ ಮೈದಾನ ಓಡುವಷ್ಟರಲ್ಲಿ ಬೊಕ್ಕೆ ಏಳುತ್ತಿತ್ತು. ಎರಡು ವರ್ಷದ ಹಿಂದೆ ಸುಬ್ರಹ್ಮಣ್ಯ ಅವರು ಬಲಗಾಲಿನ ಶೂವನ್ನು ಸೀಳಿ ಅಗಲ ಮಾಡಿಕೊಟ್ಟ ಮೇಲೆಯೇ ಅವಳು ನಿಜವಾಗಿ ಓಡಲು ಶುರುಮಾಡಿದ್ದು.

ಎಪ್ಪತ್ತೊಂದರ ಜೂನ್‌ನಲ್ಲಿ ಅವಳಿಗೆ ಔರಂಗಾಬಾದಿನಿಂದ ಪತ್ರ ಬಂತು. ವ್ಯಾಯಾಮ ಶಿಕ್ಷಕರ ತರಬೇತಿ ಕಾಲೇಜಿನ ಆಯ್ಕೆ ಸೋಮವಾರ ಮಧ್ಯಾಹ್ನ ಮೂರಕ್ಕೆ. ಓಟ, ಉದ್ದ ಜಿಗಿತ. ಬಿಳಿ ಉಡುಪು, ಬಿಳಿ ಕ್ಯಾನ್ವಾಸ್ ಶೂ ಕಡ್ಡಾಯ, ಇಲ್ಲದವರಿಗೆ ಮೈದಾನಕ್ಕೆ ಪ್ರವೇಶವಿಲ್ಲ. ವಯಸ್ಸಿನ ಮಿತಿ ಇಪ್ಪತ್ತೈದು, ಅವಳಿಗೆ ಆಗಸ್ಟ್‌ನಲ್ಲಿ ಇಪ್ಪತ್ತಾರು ತುಂಬುತ್ತಿತ್ತು. ಮುಂದಿನ ವರ್ಷ ಎಂಬುದು ಇರಲಿಲ್ಲ.

ಅವಳ ಶೂ ಅಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿ ಅಟ್ಟೆ ತೂತಾಗಿತ್ತು. ಸುಬ್ರಹ್ಮಣ್ಯ ಅವರು ವಾರವಿಡೀ ಕೂತು ಹೊಸ ಅಟ್ಟೆ ಅಂಟಿಸಿದರು, ಸೋಡಾ ನೀರಿನಲ್ಲಿ ತೊಳೆದು ಒಣಗಿಸಿದರು. ಉಳಿದದ್ದು ಬಿಳುಪು. ಮಳೆ ಹಿಡಿದಿದ್ದ ಕಾಲ. ಸಫೇತಾ ಬಳಿದರೆ ಒಂದು ಹನಿಗೆ ಕರಗಿ ಇಳಿಯುತ್ತದೆ. ಆಗ ಅವರಿಗೆ ಟ್ರಂಕಿನಲ್ಲಿದ್ದ ಡೋಪ್ ಡಬ್ಬಿ ನೆನಪಾಯಿತು.

ಡೋಪ್ ಎಂದರೆ ರೆಕ್ಕೆಯ ಬಟ್ಟೆಗೆ ಬಳಿಯುವ ದ್ರಾವಣ. ಒಣಗಿದರೆ ಬಟ್ಟೆ ನೀರು ಕುಡಿಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಬೆಂಗಳೂರು ಬಿಡುವಾಗ ಫ್ಲೈಯಿಂಗ್ ಕ್ಲಬ್ಬಿನ ಗೆಳೆಯರೊಬ್ಬರು ನೆನಪಿಗೆಂದು ಕೊಟ್ಟ ಡಬ್ಬಿ ಅದು. ಭಾನುವಾರ ಬೆಳಿಗ್ಗೆ ಅದಕ್ಕೆ ಸಫೇತಾ ಕಲಸಿ ಮೂರು ಸಲ ಬಳಿದರು. ಮನೆಯೆಲ್ಲ ಮಾಗಿದ ಬಾಳೆಹಣ್ಣಿನ ವಾಸನೆ. ಕಮಲಾಕ್ಷಿ ಎರಡು ಸಲ ಹಣ್ಣಿನ ಬುಟ್ಟಿ ನೋಡಿ ಬಂದರು.

ಸಂಜೆ ನಾಲ್ಕಕ್ಕೆ ವಸಂತಿ ಅಪ್ಪನ ಜೊತೆ ಬಂದಳು. ಶೂ ಪಿಂಗಾಣಿಯ ಹಾಗೆ ಹೊಳೆಯುತ್ತಿತ್ತು. ಎಡಗಾಲು ಕಷ್ಟಪಟ್ಟು ಒಳಗೆ ಹೋಯಿತು. ಬಲಗಾಲು ಅರ್ಧಕ್ಕೆ ನಿಂತಿತು. ಅವಳು ಮತ್ತೊಮ್ಮೆ ತುರುಕಿದಳು, ಹಿಮ್ಮಡಿಗೆ ಚಮಚ ಕೊಟ್ಟು ನೋಡಿದಳು, ಆಮೇಲೆ ಶೂವನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ಕಾಕಾ, ಇದು ನನ್ನ ಶೂ ಅಲ್ಲ."

ಸುಬ್ರಹ್ಮಣ್ಯ ಅವರು ಶೂವನ್ನು ಬೆರಳಿನಿಂದ ತಟ್ಟಿದರು. ತಮಟೆಯ ಹಾಗೆ ಟಣ್ ಎಂದಿತು. ಹದಿನೈದು ವರ್ಷ ಆ ಸದ್ದನ್ನೇ ಅವರು ಕಿವಿಗೊಟ್ಟು ಕೇಳಿದ್ದರು. ಡೋಪ್ ಒಣಗುತ್ತ ಬಟ್ಟೆಯನ್ನು ಕುಗ್ಗಿಸಿ ಬಿಗಿಯುತ್ತದೆ, ಆ ಸದ್ದು ಬಂದರೆ ರೆಕ್ಕೆ ಸರಿಯಾಯಿತು ಎಂದರ್ಥ. ಆದರೆ ರೆಕ್ಕೆಯ ಒಳಗೆ ಬಟ್ಟೆಯನ್ನು ತಡೆದು ಹಿಡಿಯಲು ಮರದ ಪಕ್ಕೆಲುಬು ಇರುತ್ತದೆ. ಈ ಶೂವಿನೊಳಗೆ ಅವರು ತುರುಕಿದ್ದು ಹಳೆಯ ಮರಾಠಿ ಪೇಪರು.

"ಬರಿಗಾಲಲ್ಲೇ ಓಡ್ಲಿ ಬಿಡ್ರಿ," ಎಂದರು ವಿಶ್ವನಾಥಪ್ಪ. "ನಾವೇನು ಶೂ ಹಾಕ್ಕೊಂಡು ಹುಟ್ಟೀವೇನ್ರಿ?"

"ಬಾಬಾ, ಪತ್ರ ಓದೀರೇನು ನೀವು? ಗೇಟಿನ್ಯಾಗೇ ನಿಲ್ಲಸ್ತಾರ."

"ನನ್ನ ತಪ್ಪು," ಎಂದರು ಸುಬ್ರಹ್ಮಣ್ಯ. "ನಾನೇ ಸರಿಮಾಡ್ತೀನಿ."

ಹೈವೇಯ ಪಕ್ಕದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಪೇಂಟರನ ಬಳಿ ಥಿನ್ನರ್ ಸಿಕ್ಕಿತು. ಹಳೆಯ ಬನಿಯನ್ ಅದರಲ್ಲಿ ಅದ್ದಿ ಉಜ್ಜಿದರೆ ಡೋಪ್ ಕರಗಿ ಬಂತು. ಬಟ್ಟೆ ಮೆತ್ತಗಾಯಿತು. ಕತ್ತಲಾಗುವ ಮೊದಲೇ ವಸಂತಿಯ ಕಾಲು ಶೂವಿನೊಳಗೆ ಹೋಯಿತು. ಆದರೆ ಡೋಪ್ ಜೊತೆಗೆ ಅಂಟೂ ಕರಗಿತ್ತು. ಅವಳು ಎರಡು ಹೆಜ್ಜೆ ನಡೆದಳೋ ಇಲ್ಲವೋ, ಹೊಸ ಅಟ್ಟೆ ನಾಯಿಯ ನಾಲಿಗೆಯಂತೆ ಮುಂದಕ್ಕೆ ಜೋತುಬಿತ್ತು.

ಥಿನ್ನರ್ ಕುಡಿದ ಬಟ್ಟೆಗೆ ಸಲ್ಯೂಷನ್ ಹಿಡಿಯುವುದಿಲ್ಲ. ಹೊಲಿಗೆಯೊಂದೇ ದಾರಿ, ಅದೂ ಪೂರ್ತಿ ಒಣಗಿದ ಮೇಲೆ. ಬಸ್ಸು ಬೆಳಿಗ್ಗೆ. ಸುಬ್ರಹ್ಮಣ್ಯ ಅವರು ತಾವೂ ಜೊತೆಗೆ ಬಂದು ದಾರಿಯಲ್ಲೇ ಹೊಲಿಯುತ್ತೇನೆಂದು ಹೇಳಿ, ಕೇಶವಮೂರ್ತಿಯವರ ಬಾಗಿಲಿಗೆ ಹೋದರು.

"ನಾಳೆ ನನಗೊಂದು ರಜೆ ಅರ್ಜಿ ಕೊಟ್ಟುಬಿಡಿ ಸ್ವಾಮಿ."

"ಕಾರಣ ಏನಂತ ಬರೀಲಿ?"

"ಹೊಟ್ಟೆನೋವು ಅಂತ."

"ಯಾರ ಹೊಟ್ಟೆ?"

"ನಂದೇ. ಸಂಜೆಯಿಂದ ಸಂಕಟ ಆಗ್ತಾನೇ ಇದೆ."

ಮರುದಿನ ಅವರು ವಸಂತಿಯ ಜೊತೆ ಮೊದಲ ಬಸ್ಸಿನಲ್ಲಿ ನಾಸಿಕ್ ಸ್ಟ್ಯಾಂಡು ತಲುಪಿ, ಆರೂವರೆಯ ಔರಂಗಾಬಾದ್ ಬಸ್ಸು ಹತ್ತಿದರು. ವಸಂತಿ ಕಿಟಕಿಯ ಪಕ್ಕ, ಸುಬ್ರಹ್ಮಣ್ಯ ಅವರು ತೊಡೆಯ ಮೇಲೆ ಟವೆಲ್ ಹಾಸಿ ದಬ್ಬಳ ಹಿಡಿದು ಈಚೆ ಬದಿಯಲ್ಲಿ. ಮೇಣ ಹಚ್ಚಿದ ಕಂದು ನಾರಿನ ದಾರದ ಉಂಡೆ ತೆಗೆದಾಗ ವಸಂತಿಯ ಮುಖ ಸಣ್ಣದಾಯಿತು.

"ಕಾಕಾ, ದಾರ ತಪಕೀರಿ ಬಣ್ಣದ್ದು. ಎಲ್ಲಾ ಬಿಳೀದು ಬೇಕು ಅಂತ ಬರದಾರ."

ಅದು ಅವರಿಗೆ ಹೊಳೆದೇ ಇರಲಿಲ್ಲ. ದಾರವನ್ನು ಮತ್ತೆ ಚೀಲಕ್ಕೆ ಹಾಕಿ, ಅಟ್ಟೆಯ ಅಂಚಿನುದ್ದಕ್ಕೂ ತೂತು ಹಾಕಲು ತೊಡಗಿದರು. ರಸ್ತೆ ಕೆಟ್ಟದಾಗಿತ್ತು. ಬಸ್ಸು ಎತ್ತಿಹಾಕಿದಾಗ ದಬ್ಬಳ ಎತ್ತಿ ಹಿಡಿದು, ಸಮವಾದಾಗ ಚುಚ್ಚುತ್ತಿದ್ದರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬಗ್ಗಿ ನೋಡಿ, ಬಸ್ಸಿನಲ್ಲೇ ಅಂಗಡಿ ತೆರೆದಿರಾ ಎಂದು ಮರಾಠಿಯಲ್ಲಿ ಕೇಳಿದ. ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತ ಮುದುಕಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇವರು ದರ್ಜಿಯೋ ಮೋಚಿಯೋ ಎಂದು ವಸಂತಿಯನ್ನೇ ವಿಚಾರಿಸಿದಳು.

"ವಿಮಾನದವರು ಆಜೀ, ನನ್ನ ಓಟದ ಶೂ ಹೊಲ್ಯಾಕತ್ತಾರ," ಎಂದಳು ವಸಂತಿ.

"ಅಗಂಬಾಯಿ," ಎಂದು ಬೆರಗಾದ ಮುದುಕಿ ಪಕ್ಕದವಳ ಕಡೆ ತಿರುಗಿ, ಹಾಗಾದರೆ ಈ ಪೋರಿ ಓಡುವುದಿಲ್ಲ, ಹಾರುತ್ತಾಳೆ ಎಂದಳು. ಅರ್ಧ ಬಸ್ಸು ನಕ್ಕಿತು. ಸುಬ್ರಹ್ಮಣ್ಯ ಅವರು ತಲೆ ಎತ್ತಲಿಲ್ಲ.

ಯೇವಲಾದಲ್ಲಿ ಬಸ್ಸು ಚಹಾಕ್ಕೆ ಹತ್ತು ನಿಮಿಷ ನಿಂತಿತು. ಅವರು ಚಹಾ ಕುಡಿಯದೆ, ಮಗ್ಗದವರಿಗೆ ನೂಲು ಮಾರುವ ಅಂಗಡಿ ಹುಡುಕಿಕೊಂಡು ಹೋದರು. ಪೈಠಣಿ ಸೀರೆ ನೇಯುವ ಊರಿನಲ್ಲಿ ರೇಷ್ಮೆಗೆ ಬರವಿರಲಿಲ್ಲ. ಬಣ್ಣ ಹಾಕದ ಬಿಳಿ ಎಳೆ ಬೇಕೆಂದಾಗ, ಯಾವ ಸೀರೆಗೆ ಎಂದು ಕೇಳಿದ ಅಂಗಡಿಯವನಿಗೆ ಉತ್ತರ ಕೊಡುವಷ್ಟು ಹೊತ್ತಿರಲಿಲ್ಲ. ಬಸ್ಸು ಹಾರ್ನ್ ಹೊಡೆಯುತ್ತಿತ್ತು. ವಸಂತಿ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೊಂದು ಕಾಲಿಟ್ಟು ಡ್ರೈವರನನ್ನು ತಡೆದು ನಿಲ್ಲಿಸಿದ್ದಳು.

ಎಂಟು ಎಳೆ ಕೂಡಿಸಿ ಹುರಿ ಮಾಡಿ, ಮೇಣ ಎಳೆದು ಹೊಲಿಯತೊಡಗಿದರು. ಮಾಮೂಲಿ ಹೊಲಿಗೆಯಾದರೆ ವೈಜಾಪುರ ಬರುವುದರೊಳಗೆ ಮುಗಿಯುತ್ತಿತ್ತು. ಅವರು ಹಾಕಿದ್ದು ರೆಕ್ಕೆಯ ಹೊಲಿಗೆ. ಪ್ರತಿಯೊಂದು ಕುಣಿಕೆಗೂ ಅದರದೇ ಗಂಟು.

"ಇಷ್ಟು ಗಂಟು ಯಾಕ್ರಿ ಕಾಕಾ? ಊರು ಬಂದೇಬಿಡ್ತದ."

"ಒಂದು ಕಡೆ ದಾರ ಹರಿದರೆ ಅದೊಂದೇ ಹೋಗಬೇಕು, ಉಳಿದದ್ದು ಬಿಚ್ಚಬಾರದು. ಆಕಾಶದಲ್ಲಿ ಬಿಚ್ಚಿದ್ರೆ ಹೊಲಿಯೋಕೆ ಯಾರು ಹೋಗ್ತಾರೆ?"

ಎಡಗಾಲಿನ ಕೊನೆಯ ಗಂಟು ಬಿದ್ದದ್ದು ಔರಂಗಾಬಾದ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಒಂದೂವರೆ ಗಂಟೆಗೆ. ಸಫೇತಾ ಬಳಿದರು. ಅದೃಷ್ಟಕ್ಕೆ ಅಲ್ಲಿ ಮಳೆ ಬಂದಿರಲಿಲ್ಲ.

ಮೈದಾನದಲ್ಲಿ ನಲವತ್ತಕ್ಕೂ ಹೆಚ್ಚು ಹುಡುಗಿಯರು ಸಾಲಾಗಿ ನಿಂತಿದ್ದರು. ಹುಡುಗಿಯರು ‘ಬಾಯಿ’ ಎಂದು ಕರೆಯುತ್ತಿದ್ದ, ಕೊರಳಿಗೆ ಸೀಟಿ ಹಾಕಿಕೊಂಡ ಎತ್ತರದ ಶಿಕ್ಷಕಿಯೊಬ್ಬರು ಕಾಲುಗಳನ್ನಷ್ಟೇ ನೋಡುತ್ತ ಬಂದರು. ಬೂದು ಬಣ್ಣದ ಶೂ ಹಾಕಿದ್ದ ಒಬ್ಬಳನ್ನು ಸಾಲಿನಿಂದ ಹೊರಗೆ ಕಳಿಸಿದರು. ವಸಂತಿಯ ಮುಂದೆ ನಿಂತು, ಬಗ್ಗಿ, ಬೆರಳಿನಿಂದ ಅಟ್ಟೆಯ ಅಂಚು ಸವರಿದರು. ತಂತಿಬೇಲಿಯ ಆಚೆ ನಿಂತಿದ್ದ ಸುಬ್ರಹ್ಮಣ್ಯ ಅವರಿಗೆ ಮಾತು ಕೇಳಿಸುತ್ತಿರಲಿಲ್ಲ. ಬಾಯಿ ಏನೋ ಕೇಳಿದರು, ವಸಂತಿ ಏನೋ ಹೇಳಿದಳು. ಬಾಯಿ ಮತ್ತೊಮ್ಮೆ ಸವರಿ ನೋಡಿ ಮುಂದಕ್ಕೆ ಹೋದರು. ಬೇಲಿಯ ತಂತಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆಂದು ಅವರಿಗೆ ಆಗ ಗೊತ್ತಾಯಿತು.

ನೂರು ಮೀಟರಿನಲ್ಲಿ ಅವಳ ಗುಂಪಿನ ಎಂಟು ಮಂದಿಯಲ್ಲಿ ಮೂರನೆಯವಳಾದಳು. ನಾನೂರು ಮೀಟರಿನಲ್ಲಿ ಕೊನೆಯ ತಿರುವಿನವರೆಗೆ ಐದನೆಯವಳು, ಅಲ್ಲಿಂದ ಇಬ್ಬರನ್ನು ಹಿಂದೆ ಹಾಕಿದಳು. ಅವರು ಅವಳ ಮುಖ ನೋಡಲಿಲ್ಲ, ನೋಡಿದ್ದೆಲ್ಲ ಪಾದ. ಉದ್ದ ಜಿಗಿತದ ಎರಡನೆಯ ಸರದಿಯಲ್ಲಿ, ಹಲಗೆಯ ಮೇಲೆ ಬಲಗಾಲು ಒತ್ತಿದಾಗ, ಅಂಚಿನಲ್ಲಿ ಏನೋ ಎದ್ದಂತೆ ಕಂಡಿತು. ಅವಳು ಮರಳಿನಿಂದ ಎದ್ದು ಬಂದಳು, ಕಾಲು ಕೊಡವಿದಳು. ಅಟ್ಟೆ ಕಚ್ಚಿಕೊಂಡೇ ಇತ್ತು. ಮೂರನೆಯ ಸಲ ಇನ್ನೂ ದೂರ ಬಿದ್ದಳು.

ಐದೂವರೆಗೆ ಗುಮಾಸ್ತನೊಬ್ಬ ಮೆಟ್ಟಿಲ ಮೇಲೆ ನಿಂತು ಹೆಸರು ಓದಿದ. ಹದಿನಾರು ಸೀಟು. ಹತ್ತು ಹೆಸರಾದ ಮೇಲೆ ಸುಬ್ರಹ್ಮಣ್ಯ ಅವರು ಕೇಳುವುದನ್ನು ಬಿಟ್ಟು ನೆಲ ನೋಡತೊಡಗಿದರು. ಹದಿಮೂರನೆಯದು ವಸಂತಿ ವಿಶ್ವನಾಥಪ್ಪ ಎಂದಿತ್ತು. ಗುಮಾಸ್ತ ಅದನ್ನು ಓದಲು ಎರಡು ಸಲ ಎಡವಿದ. ಎರಡು ಸಲವೂ ಅದು ಅವಳದೇ ಹೆಸರಾಗಿತ್ತು.

ಅವಳು ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ಶೂ ಬಿಚ್ಚಿದಳು. ಅವರು ಬಲಗಾಲಿನದನ್ನು ಕೈಗೆ ತೆಗೆದುಕೊಂಡು ಅಂಚನ್ನು ತಿರುಗಿಸಿ ನೋಡಿದರು. ಹೆಬ್ಬೆರಳ ಬಳಿ ಒಂದು ಕುಣಿಕೆ ಹರಿದಿತ್ತು. ಅದರ ಎಡಬಲದವು ಅಲುಗಿರಲಿಲ್ಲ.

"ಆ ಬಾಯಿ ಏನು ಕೇಳಿದ್ರು?"

"ಯಾವ ಅಂಗಡ್ಯಾಗ ಹೊಲಿಸಿದಿ ಅಂದ್ರು. ನಮ್ಮ ಕಾಕಾ ಹೊಲದಾರ ಅಂದೆ. ಅವರ ಕಡೆನೂ ಒಂದು ಜೋಡಿ ಅದ ಅಂತ, ಅಡ್ರೆಸ್ ಕೊಡು ಅಂದ್ರು."

"ಕೊಟ್ಟೆಯಾ?"

"ಕೊಟ್ಟೀನಿ. ಬಾಳೆಹಣ್ಣಿನ ವಾಸನಿ ಬಣ್ಣ ಹಚ್ಚಬ್ಯಾಡ್ರಿ ಅಂತ ಹೇಳ್ರಿ ಅಂತನೂ ಹೇಳೀನಿ."

ಸುಬ್ರಹ್ಮಣ್ಯ ಅವರು ನಕ್ಕರು. ನಿನ್ನೆ ನಾಲ್ಕು ಗಂಟೆಯಿಂದ ಇದೇ ಮೊದಲ ಸಲ. ಆಮೇಲೆ ಅವಳ ಪಾದ ತೋರಿಸೆಂದರು. ತಿರುಗಿದ ಕಿರುಬೆರಳು ಕೆಂಪಾಗಿತ್ತು. ಬೊಕ್ಕೆ ಎದ್ದಿರಲಿಲ್ಲ.

"ನೀವು ಊಟ ಮಾಡೀರೇನ್ರಿ ಕಾಕಾ?"

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಚೀಲದ ತಳದಲ್ಲಿ ಕಮಲಾಕ್ಷಿ ಇಟ್ಟ ಮೊಸರನ್ನದ ಡಬ್ಬಿ ಸೆಕೆಗೆ ಬೆಚ್ಚಗಾಗಿತ್ತು. ಮುಚ್ಚಳ ತೆಗೆದು, ಅಭ್ಯಾಸದಂತೆ ಮೊದಲು ಮೂಸಿದರು. ಸ್ವಲ್ಪ ಹುಳಿ ಬಂದಿದೆ, ಪರವಾಗಿಲ್ಲ ಎಂದು ಅವಳ ಕೈಗೆ ಮೊದಲ ತುತ್ತು ಹಾಕಿದರು.