ವಾಲಿದ ಹೂವಿನ ಬಾಗಿಲು

ಕೋವಿಡ್ ಬಂದ ವರ್ಷ, ಅಮೆರಿಕದ ಜಾರ್ಜಿಯಾ ರಾಜ್ಯದ ಕಮ್ಮಿಂಗ್ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಮರ ಕೆತ್ತುವುದನ್ನು ಕಲಿತೆ. ಹಗಲೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರ ತಪ್ಪು ಹುಡುಕುವ ಉದ್ಯೋಗ. ಸಂಜೆಯಾದರೆ ಕೈಯಲ್ಲಿ ಉಳಿ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಲಾವಿಮರ್ಶಕನೊಬ್ಬನ ಬರಹ ಆಗಲೇ ಓದಲು ಸಿಕ್ಕಿತು. ಉದ್ದುದ್ದ ವಾಕ್ಯ, ಉಪದೇಶದ ಧಾಟಿ. ಎಷ್ಟೋ ಕಡೆ ಅವನ ಮೇಲೆ ಸಿಟ್ಟೇ ಬಂತು. ಆದರೆ ಅವನ ಒಂದು ವಿಚಾರ ನನ್ನನ್ನು ಬಿಡಲಿಲ್ಲ. ಕೈಕೆಲಸದಲ್ಲಿ ಒಂದು ಕುಂದೂ ಇರಬಾರದೆಂದು ಹಟ ಹಿಡಿದರೆ, ಮಾಡುವವನನ್ನು ಯಂತ್ರವಾಗಿಸಿದಂತೆ ಎಂಬುದು ಅವನ ನಂಬಿಕೆ. ಇಡೀ ದಿನ ಕುಂದು ಹುಡುಕುವ ನನಗೆ ಅದು ಸರಿಯಾಗಿ ನಾಟಿತು.

ಮುಂಬಾಗಿಲನ್ನೇ ಕೆತ್ತಲು ಹೊರಟೆ. ಹಿತ್ತಲಿನ ಡಾಗ್‌ವುಡ್ ಮರದ ಹೂಗಳನ್ನು ನೋಡಿ ನೋಡಿ ಓಕ್ ಹಲಗೆಯ ಮೇಲೆ ಬರೆದುಕೊಂಡೆ.

“ಡಿಸೈನ್ ಕೊಟ್ರೆ ಮಷಿನ್‌ನಲ್ಲಿ ಕಟ್ ಮಾಡ್ಕೊಡ್ತಾರೆ, ನೀಟಾಗಿ ಬರತ್ತೆ,” ಅಂದರು ಗಂಡ.

“ನೀಟಾಗಿರೋದನ್ನ ಅಂಗಡೀಲಿ ತರ್ಬಹುದಿತ್ತು. ನಾನು ಮಾಡ್ಬೇಕು.”

ಬಾಗಿಲು ಎದ್ದು ನಿಂತಾಗ ಒಂದು ಹೂವು ಎಡಕ್ಕೆ ವಾಲಿತ್ತು. ಉಳಿ ಜಾರಿದ್ದ ಕಡೆ ಎಸಳೊಂದು ಗಿಡ್ಡವಾಗಿತ್ತು. ಸ್ವಲ್ಪ ದಿನಕ್ಕೇ, ಮನೆಗಳ ಹೊರನೋಟ ಹೇಗಿರಬೇಕೆಂದು ನಿಯಮ ಮಾಡುವ ಬಡಾವಣೆಯ ಮನೆಮಾಲೀಕರ ಸಂಘದಿಂದ ಸಭೆಗೆ ಕರೆ ಬಂತು. ಸಂಘದ ಅಧ್ಯಕ್ಷರು ಮೈಸೂರಿನ ಕಡೆಯ ನಿವೃತ್ತ ಡಾಕ್ಟರು. ಸಭೆಗೆ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಮ್ಮ, ಶ್ರಮಪಟ್ಟಿದೀರ, ಒಪ್ತೀನಿ. ಆದ್ರೆ ಒಂದು ಹೂವಿನ ಥರ ಇನ್ನೊಂದಿಲ್ಲ. ಹೋಮ್‌ಮೇಡ್ ಅಂತ ಗೊತ್ತಾಗ್ಬಿಡತ್ತೆ. ಸುಮ್ನೆ ಹಳೇ ಬಾಗಿಲು ಹಾಕ್ಸಿಬಿಡಿ.”

“ಗೊತ್ತಾಗ್ಲಿ ಅಂಕಲ್. ತಪ್ಪು ಹುಡುಕೋದೇ ನನ್ನ ಕೆಲ್ಸ, ಅದ್ರಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ನಂಗೇ ಚೆನ್ನಾಗಿ ಗೊತ್ತು. ಆದ್ರೂ ತೆಗ್ಯಲ್ಲ.”

“ಇಷ್ಟು ಹಟ ಯಾಕಮ್ಮ, ಒಂದು ಬಾಗಿಲಿಗೆ?”

“ನಂಗಂತ ಮಾಡ್ಕೊಂಡಿದ್ದು ಇದೊಂದೇ. ಅದಕ್ಕೇ.”

ಸಭೆಯಲ್ಲಿ ಎದ್ದು ನಿಂತು, ಕೆತ್ತನೆ ಕೂಡದೆಂದು ಯಾವ ನಿಯಮದಲ್ಲಿದೆ, ತೋರಿಸಿ ಎಂದು ಕೇಳಿದೆ. ಸಂಘದವರು ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿ ಹುಡುಕಿದರು. ನಿಯಮದಲ್ಲಿ ಇದ್ದದ್ದು ಬಣ್ಣದ ಮಾತು ಮಾತ್ರ. ನನ್ನ ಬಾಗಿಲು ಒಪ್ಪಿಗೆಯಾದ ಕಂದು ಬಣ್ಣದ್ದೇ ಆಗಿತ್ತು. ಮತಕ್ಕೆ ಹಾಕಿದರು. ಒಂದೇ ಮತದಿಂದ ಬಾಗಿಲು ಉಳಿಯಿತು. ಅಂಕಲ್ ಬಾಗಿಲಿನ ವಿರುದ್ಧವೇ ಕೈಯೆತ್ತಿದ್ದರು.

ಅವರಿಗೆ ಅದು ಈಗಲೂ ಹಿಡಿಸಿಲ್ಲ. ವಾಕಿಂಗ್ ಬಂದರೆ ನಮ್ಮ ಮನೆಯ ಹತ್ತಿರ ಎದುರಿನ ಸೈಡ್‌ವಾಕಿಗೆ ದಾಟುತ್ತಾರೆ. ದಾಟಲಿ. ನಾನು ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡೇ, ಕೊಡತಿಯ ಸದ್ದು ಬೀದಿಗೆಲ್ಲ ಕೇಳುವಂತೆ, ಮಗಳ ಕೋಣೆಗೊಂದು ಬಾಗಿಲು ಕೆತ್ತುತ್ತಿದ್ದೇನೆ.