ಕರದಂಟು ಮೆತ್ತಿದ ಕಾಯಿದೆ

ನಿನ್ನೆ ಬೀಗರು ಅಮೀನಗಡದ ಕರದಂಟು ತಂದಿದ್ದರು. ಡಾಕ್ಟರು ಬೇಡ ಅಂದಿದ್ದಾರೆ, ನಿಜ. ಆದರೆ ತುಪ್ಪದಲ್ಲಿ ಕರಿದ ಅಂಟಿನ ವಾಸನೆ ಡಾಕ್ಟರ ಮಾತು ಕೇಳುತ್ತದೆಯೇ? ಮುಂಜಾನೆ ಹೆಂಡತಿ ಹಿತ್ತಲಿಗೆ ಹೋದದ್ದೇ ತಡ, ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅಷ್ಟರಲ್ಲಿ ನೆರೆಮನೆಯ ಶಾಂತಾ ಬಂದಳು. ಹತ್ತಿ ಗಿರಣಿಯಲ್ಲಿ ಆರು ವರ್ಷ ದುಡಿದು ಈಗ ಕೆಲಸ ಬಿಡುತ್ತಿದ್ದಾಳೆ.

"ಅಜ್ಜಾರ, ನಡುವ ಬಾಣಂತನಕ್ಕ ರಜಾ ತಗೊಂಡಿದ್ದೆ. ಕೆಲಸ ಬಿಟ್ರ ನನಗ ಗ್ರಾಚ್ಯುಟಿ ರೊಕ್ಕ ಸಿಗತೈತೋ ಇಲ್ಲೋ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬೆಲ್ಲ ಮೆತ್ತಿದ ಬೆರಳು ನೋಡಿಕೊಂಡು ತಡೆದೆ. ಯಾಕೆ ಅಂತ ಹೇಳುತ್ತೇನೆ, ನಗಬೇಡಿ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನ ಮಾತು. ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಾನು ಹಾಜರಿ ಗುಮಾಸ್ತ. ಅಲ್ಲಿ ಕಾಯಿದೆ ಪುಸ್ತಕ ಇದ್ದದ್ದು ನನ್ನೊಬ್ಬನ ಹತ್ತಿರ. ಹಾಗಾಗಿ ನನ್ನ ನಡಿಗೆಯೇ ಬೇರೆ. ವಕೀಲರಂತೆ ಕೆಮ್ಮುವುದನ್ನೂ ಕಲಿತಿದ್ದೆ.

ಗುಡೂರಿನ ಬೀರಪ್ಪ ಆರು ವರ್ಷ ನಮ್ಮಲ್ಲಿ ಕಲ್ಲು ಸೀಳಿದವ. ನಡುವೆ ಕಲ್ಲುರುಳಿ ಕಾಲು ಮುರಿದು, ಏಳು ತಿಂಗಳು ಮಲಗಿ, ಮತ್ತೆ ಬಂದು ದುಡಿದಿದ್ದ. ಈಗ ಕೂಲಿ ಬಿಟ್ಟು ಸ್ವಂತಕ್ಕೆ ನಾಲ್ಕು ಕುರಿ ಮಾಡಿಕೊಳ್ಳುವ ಆಸೆ ಅವನಿಗೆ.

"ಸಾಹೇಬ್ರ, ನನಗ ಗ್ರಾಚಾರ ಬರತೈತೇನ್ರಿ?" ಅಂದ.

ಹೊಟ್ಟೆ ಹಿಡಿದು ನಕ್ಕೆ. "ಕಾಕಾ, ಗ್ರಾಚಾರ ಎಲ್ಲಾರಿಗೂ ಬರತೈತಿ. ಇದು ಗ್ರಾಚ್ಯುಟಿ!" ಎಂದು ಪುಸ್ತಕ ತೆರೆದು, ಕೆಮ್ಮಿ, ಓದಿದೆ: ಐದು ವರ್ಷ ಎಡೆಬಿಡದ ಸೇವೆ ಬೇಕು. "ನಿನ್ನ ಸರ್ವಿಸ್ ನಡುವ ಮುರದೈತಿ ಕಾಕಾ. ಬರೂದಿಲ್ಲ."

"ಮುರದದ್ದು ಕಾಲ್ರಿ ಸಾಹೇಬ್ರ. ಸರ್ವಿಸ್ ಹೆಂಗ ಮುರೀತೈತ್ರಿ?"

"ಕಾಯಿದೆಗೆ ಕಾಲಿಲ್ಲ ಕಾಕಾ" ಅಂದೆ. ಆ ಮಾತಿಗೆ ನಾನೇ ಎಷ್ಟು ಹಿಗ್ಗಿದೆನೆಂದರೆ, ಸಂಜೆ ಮನೆಯಲ್ಲೂ ಅದನ್ನೇ ಹೇಳಿದೆ. ಹೆಂಡತಿ ನಗಲಿಲ್ಲ. ಬೀರಪ್ಪನಂತೂ ಆಗಲೇ ಕುಂಟುತ್ತ ಊರಿಗೆ ಹೋಗಿಬಿಟ್ಟಿದ್ದ.

ತಿಂಗಳ ಮೇಲೆ ಏನಕ್ಕೋ ಅದೇ ಪುಸ್ತಕ ತೆರೆದೆ. ಒಂದು ಹಾಳೆ ದಪ್ಪ ಅನ್ನಿಸಿತು. ಉಗುರಿನಿಂದ ಬಿಡಿಸಿದರೆ, ಎರಡು ಹಾಳೆ! ನಡುವೆ ಕರದಂಟಿನ ಬೆಲ್ಲ. ಬಾಯಾಡಿಸುತ್ತ ಓದುವುದು ನನ್ನ ಹಾಳು ಚಟ. ಒಳಗೆ ಅಚ್ಚಾಗಿತ್ತು: ಕಾಯಿಲೆ, ಅಪಘಾತಗಳಿಂದ ಸೇವೆ ತುಂಡಾಗುವುದಿಲ್ಲ. ಬೀರಪ್ಪ ಅಂದದ್ದನ್ನೇ ಸರಕಾರ ಉದ್ದ ಮಾಡಿ ಬರೆದಿತ್ತು, ಅಷ್ಟೇ.

ಮರುದಿನ ಮೊದಲ ಬಸ್ಸಿಗೆ ಗುಡೂರಿಗೆ ಓಡಿದೆ. ಊರ ಹೊರಗೆ ಬೀರಪ್ಪ ಯಾರದೋ ಕುರಿ ಕಾಯುತ್ತಿದ್ದ. ತಪ್ಪಿಸಿಕೊಂಡ ಮರಿಯೊಂದರ ಹಿಂದೆ ಆ ಕಾಲಿನಲ್ಲೇ ಓಡುತ್ತಿದ್ದ. ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಪ್ಪಾತು ಕಾಕಾ. ನೀ ಹೇಳಿದ್ದಽ ಖರೆ. ನಿನಗ ಬರತೈತಿ. ನನ್ನ ಪುಸ್ತಕದಾಗ ಹಾಳಿ ಅಂಟಿದ್ವು."

"ಏನ ಮೆತ್ತಿತ್ರಿ?"

"ಕರದಂಟು."

ಬೀರಪ್ಪ ಬಡಿಗೆ ಊರಿ ನನ್ನ ಮುಖವನ್ನೇ ನೋಡಿದ. "ನೋಡ್ರಿ, ನಾ ಅವತ್ತ ಬರೋಬ್ಬರಿ ಅಂದಿದ್ದೆ. ಗ್ರಾಚಾರ!"

ಅರ್ಜಿ ಅಲ್ಲೇ ಬಂಡೆಯ ಮೇಲೆ ಕೂತು ನಾನೇ ಬರೆದೆ. ರೊಕ್ಕ ಬಂತು, ಅವನ ಕುರಿಗಳು ಬಂದವು. ನನ್ನ ಕೆಮ್ಮು ಹೋಯಿತು.

ಶಾಂತಾ ಇನ್ನೂ ನಿಂತೇ ಇದ್ದಳು. "ಯಾಕ್ರಿ ಅಜ್ಜಾರ, ನಡುವ ಮುರೀತೇನ್ರಿ ನನ್ನ ಸರ್ವಿಸು?"

"ಪುಸ್ತಕ ನೋಡಿ ಹೇಳ್ತೇನಿ. ತಡಿಯವ್ವಾ," ಅಂದೆ, "ಮೊದಲ ಕೈ ತೊಳಕೊಂಡ ಬರ್ತೇನಿ."